ಬಚ್ಚಿಡುತ್ತಿರುವವರು ಯಾರು? ಅಮೆರಿಕದ ಹಳೆಯ ಕಾದಂಬರಿಗಳಲ್ಲಿ ನಿಮಗೆ ಯಾವುದು

ಗೆಳೆತನದ ಕಥೆಗಳೆಂದೇ ತರಗತಿಗಳಲ್ಲಿ ಪಾಠವಾಗುತ್ತ ಬಂದ ಅಮೆರಿಕದ ಕಾದಂಬರಿಗಳಲ್ಲಿ ಗೆಳೆತನಕ್ಕಿಂತ ಹೆಚ್ಚಿನದೇನೋ ಇದೆ ಎಂಬ ಅನುಮಾನ ಹೊಸದಲ್ಲ. 1948ರಲ್ಲಿ ವಿಮರ್ಶಕ ಲೆಸ್ಲಿ ಫೀಡ್ಲರ್ ಒಂದು ಪ್ರಬಂಧ ಬರೆದರು. ಬಿಳಿಯನೊಬ್ಬ, ಬಿಳಿಯನಲ್ಲದವನೊಬ್ಬ, ಇಬ್ಬರೂ ಊರುಕೇರಿ, ಹೆಂಗಸರು, ಸಂಸಾರ ಎಲ್ಲವನ್ನೂ ಬಿಟ್ಟು ಕಾಡಿಗೋ ನೀರಿಗೋ ಓಡಿಹೋಗುವ ಕಥೆಯನ್ನು ಈ ದೇಶ ಮತ್ತೆ ಮತ್ತೆ ಹೇಳಿಕೊಳ್ಳುತ್ತದೆ, ಅದು ಅದರ ಗುಟ್ಟಿನ ಪ್ರೇಮಕಥೆ ಎಂದು ಅವರು ವಾದಿಸಿದರು. ಮಾರ್ಕ್ ಟ್ವೇನ್ ಕಾದಂಬರಿಯಲ್ಲಿ ತೆಪ್ಪದ ಮೇಲೆ ಸಾಗುವ ಬಿಳಿಯ ಹುಡುಗ ಹಕ್ ಫಿನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಜಿಮ್, ಫೀಡ್ಲರ್ ಕೊಟ್ಟ ಮುಖ್ಯ ಉದಾಹರಣೆ. ಪಂಡಿತರಲ್ಲಿ ಗದ್ದಲವೆದ್ದಿತು. ಆಮೇಲೆ ಬಂದ ಓದುಗರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗಿ, ಪ್ರತಿ ಪಾತ್ರವನ್ನೂ ತಡೆದು ನಿಲ್ಲಿಸಿ ‘ನೀನು ಸಲಿಂಗಿಯೋ ಅಲ್ಲವೋ, ಈಗಲೇ ಹೇಳು’ ಎಂದು ವಿಚಾರಣೆ ನಡೆಸತೊಡಗಿದರು. ನನಗೆ ಈ ವಿಚಾರಣೆ ಬೇಸರ ತರಿಸುತ್ತದೆ. ಉತ್ತರ ಹೌದು ಎಂದಾದರೂ ಅಲ್ಲ ಎಂದಾದರೂ ಕಾದಂಬರಿ ಅಲ್ಲಿಗೇ ಮುಗಿದುಹೋಗುತ್ತದೆ.

ಹಾಗಾಗಿ ಯಾವುದನ್ನು ಓದಲಿ ಎಂದು ಕೇಳುವವರಿಗೆ ನಾನು ಬೇರೆ ಅಳತೆಗೋಲು ಕೊಡುತ್ತೇನೆ: ಈ ಪುಸ್ತಕದಲ್ಲಿ ಆಸೆಯನ್ನು ಬಚ್ಚಿಡುತ್ತಿರುವವರು ಯಾರು, ಮತ್ತು ಯಾರಿಂದ? ಪಾತ್ರ ಲೋಕದಿಂದ ಬಚ್ಚಿಡುವುದು ಒಂದು ಬಗೆ. ಕಥೆ ಹೇಳುವವನು ಓದುಗರಿಂದ ಬಚ್ಚಿಡುವುದು ಇನ್ನೊಂದು. ಮೂರನೆಯದು, ಪಾತ್ರ ತನ್ನಿಂದಲೇ ಬಚ್ಚಿಟ್ಟುಕೊಳ್ಳುವುದು. ನನ್ನ ಮಟ್ಟಿಗೆ ದೊಡ್ಡ ಕಾದಂಬರಿಗಳು ಹುಟ್ಟುವುದು ಇಲ್ಲಿ. ನಿಮಗೆ ಯಾವ ಬಗೆಯ ಗುಟ್ಟು ಇಷ್ಟವೋ ಅದರ ಮೇಲೆ ಪುಸ್ತಕ ಆರಿಸಿಕೊಳ್ಳಿ. ಕೊನೆಗಳನ್ನು ಇಲ್ಲಿ ಆದಷ್ಟು ಬಿಟ್ಟುಕೊಟ್ಟಿಲ್ಲ.

ಏನನ್ನೂ ಬಚ್ಚಿಡದ ಪುಸ್ತಕ

ಹರ್ಮನ್ ಮೆಲ್ವಿಲ್ ಅವರ ‘ಮೊಬಿ ಡಿಕ್’ (1851) ಇಲ್ಲಿರುವವುಗಳಲ್ಲೆಲ್ಲ ಹಳೆಯದು. ಅತ್ಯಂತ ನಿಸ್ಸಂಕೋಚದ್ದೂ ಅದೇ. ನ್ಯೂ ಬೆಡ್‌ಫರ್ಡ್ ಬಂದರಿನ ವಸತಿಗೃಹದಲ್ಲಿ ಹಾಸಿಗೆ ಸಾಲದೆ, ಕಥೆ ಹೇಳುವ ನಾವಿಕ ಇಶ್ಮಾಯೆಲ್ ಒಬ್ಬ ಅಪರಿಚಿತನ ಪಕ್ಕದಲ್ಲಿ ಮಲಗಬೇಕಾಗುತ್ತದೆ. ಆತ ಕ್ವೀಕ್ವೆಗ್, ದಕ್ಷಿಣ ಸಮುದ್ರದ ದ್ವೀಪವೊಂದರಿಂದ ಬಂದ ಈಟಿಗಾರ. ಬೆಳಗ್ಗೆ ಎಚ್ಚರವಾದಾಗ ಅವನ ತೋಳು ಇಶ್ಮಾಯೆಲ್‌ನನ್ನು ಬಳಸಿಕೊಂಡಿದೆ. ಹೊದ್ದದ್ದು ಬಣ್ಣಬಣ್ಣದ ತುಂಡುಗಳ ಕೌದಿ, ತೋಳಿನ ತುಂಬ ಹಚ್ಚೆ. ಎಲ್ಲಿಗೆ ಕೌದಿ ಮುಗಿದು ಎಲ್ಲಿಂದ ತೋಳು ಶುರುವಾಗುತ್ತದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮೇಲೆ ಬಿದ್ದ ಭಾರದಿಂದ ಮಾತ್ರ ಅದು ತೋಳು ಎಂದು ಗೊತ್ತಾಗುತ್ತದೆ. ನೋಡಿದವರು ನನ್ನನ್ನು ಅವನ ಹೆಂಡತಿ ಎಂದುಕೊಳ್ಳಬೇಕು, ಹಾಗಿತ್ತು ಎಂದು ಇಶ್ಮಾಯೆಲ್ ತಾನೇ ನಗುತ್ತಾನೆ. ಹತ್ತನೆಯ ಅಧ್ಯಾಯದಲ್ಲಿ ಕ್ವೀಕ್ವೆಗ್ ಹಣೆಗೆ ಹಣೆ ಒತ್ತಿ, ಸೊಂಟ ಬಳಸಿ, ಇನ್ನು ಮೇಲೆ ನಮ್ಮಿಬ್ಬರಿಗೂ ಮದುವೆಯಾದಂತೆ ಎಂದು ಸಾರುತ್ತಾನೆ. ತನ್ನಲ್ಲಿದ್ದ ಮೂವತ್ತು ಡಾಲರಿನಷ್ಟು ಬೆಳ್ಳಿ ನಾಣ್ಯವನ್ನು ಮೇಜಿನ ಮೇಲೆ ಹರಡಿ ಅರ್ಧವನ್ನು ಇವನತ್ತ ತಳ್ಳುತ್ತಾನೆ.

ಆ ಕಾಲದಲ್ಲಿ ಗಂಡಸರು ಹಾಸಿಗೆ ಹಂಚಿಕೊಳ್ಳುವುದು ಮಾಮೂಲಿ ಸಂಗತಿ ಎಂಬುದನ್ನು ಮರೆಯಬಾರದು. ಅಬ್ರಹಾಂ ಲಿಂಕನ್ ಕೂಡ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತರುಣ ವಕೀಲರಾಗಿದ್ದಾಗ ಜೋಶುವಾ ಸ್ಪೀಡ್ ಎಂಬ ಗೆಳೆಯನೊಡನೆ ವರ್ಷಗಟ್ಟಲೆ ಒಂದೇ ಹಾಸಿಗೆಯಲ್ಲಿ ಮಲಗಿದವರು. ಇಂಥ ಆಸೆಗೆ ಇಂಥ ಹೆಸರು, ಇಂಥವರು ಈ ಜಾತಿಯ ಮನುಷ್ಯರು ಎಂಬ ವಿಂಗಡಣೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಆದ್ದರಿಂದಲೇ ಇಶ್ಮಾಯೆಲ್‌ಗೆ ಅಳುಕಿಲ್ಲ. ಅಳುಕಿದ್ದರೆ ಅದು ಆಮೇಲಿನ ಓದುಗರದು.

ಆಯ್ಕೆಯ ದೃಷ್ಟಿಯಿಂದ ಒಂದು ಎಚ್ಚರಿಕೆ. ಈ ಗೆಳೆತನಕ್ಕಾಗಿಯೇ ಪುಸ್ತಕ ಹಿಡಿದವರಿಗೆ ಮುಂದೆ ನಿರಾಸೆ ಕಾದಿದೆ. ಕಾದಂಬರಿಯಲ್ಲಿ 135 ಅಧ್ಯಾಯಗಳು. ತಿಮಿಂಗಿಲ ಬೇಟೆಯ ಹಡಗು ಬಂದರು ಬಿಡುವುದು ಇಪ್ಪತ್ತೆರಡನೆಯದರಲ್ಲಿ. ಅಲ್ಲಿಂದಾಚೆಗೆ ಬಿಳಿ ತಿಮಿಂಗಿಲವೊಂದರ ಬೆನ್ನು ಹತ್ತಿದ ಕ್ಯಾಪ್ಟನ್ ಅಹಾಬನ ಹುಚ್ಚು ಮತ್ತು ತಿಮಿಂಗಿಲಶಾಸ್ತ್ರ ಎರಡೂ ಸೇರಿ ಕ್ವೀಕ್ವೆಗ್‌ನನ್ನು ಮೂಲೆಗೆ ಸರಿಸುತ್ತವೆ. ಪೂರ್ತಿ ಓದುವ ವ್ಯವಧಾನವಿಲ್ಲದವರು ಮೊದಲ ಇಪ್ಪತ್ತೆರಡು ಅಧ್ಯಾಯಗಳನ್ನು ಓದಿ, ಆಮೇಲೆ 72, 94, 110 ಮತ್ತು ಉಪಸಂಹಾರಕ್ಕೆ ಹೋಗಬಹುದು. ತೊಂಬತ್ತನಾಲ್ಕನೆಯದರಲ್ಲಿ ತಿಮಿಂಗಿಲದ ತಲೆಯಿಂದ ತೆಗೆದ, ಗಂಟುಗಟ್ಟಿದ ಎಣ್ಣೆಯನ್ನು ನಾವಿಕರು ತೊಟ್ಟಿಯ ಸುತ್ತ ಕುಳಿತು ಹಿಸುಕುತ್ತಾರೆ. ಹಿಸುಕುತ್ತ ಹಿಸುಕುತ್ತ ಒಬ್ಬರ ಕೈಯನ್ನೊಬ್ಬರು ಹಿಸುಕಿ, ಕಣ್ಣಲ್ಲಿ ಕಣ್ಣಿಟ್ಟು, ಕರಗಿಹೋಗುತ್ತಾರೆ. ಹೀಗೆ ಆರಿಸಿ ಓದುವುದು ಅಪರಾಧ ಎನ್ನುವ ಶುದ್ಧಾಚಾರಿಗಳು ಇದ್ದಾರೆ. ಅವರ ಮಾತನ್ನು ಕೇಳಿ ಮೂವತ್ತನೆಯ ಅಧ್ಯಾಯದಲ್ಲೇ ಪುಸ್ತಕ ಮುಚ್ಚಿಟ್ಟವರೂ ಇದ್ದಾರೆ.

ಅದೇ ಲೇಖಕರು, ನಲವತ್ತು ವರ್ಷ ಮುಪ್ಪಾಗಿ, ಅದೇ ಸಮುದ್ರಕ್ಕೆ ಮರಳಿದಾಗ ಆ ಸರಾಗ ಪೂರ್ತಿ ಬತ್ತಿದೆ. ‘ಬಿಲ್ಲಿ ಬಡ್’ ಮೆಲ್ವಿಲ್ 1891ರಲ್ಲಿ ತೀರಿಕೊಂಡಾಗ ಹಸ್ತಪ್ರತಿಯಾಗಿಯೇ ಉಳಿದಿತ್ತು, ಅಚ್ಚಾದದ್ದು 1924ರಲ್ಲಿ. 1797ರ ಬ್ರಿಟಿಷ್ ಯುದ್ಧನೌಕೆ. ಎಲ್ಲರೂ ಮೆಚ್ಚುವ ಚೆಲುವ ನಾವಿಕ ಬಿಲ್ಲಿ. ಅವನನ್ನು ಮುಗಿಸಲು ಹೊಂಚುವ ಅಧಿಕಾರಿ ಕ್ಲ್ಯಾಗರ್ಟ್. ಯಾಕೆ ಈ ದ್ವೇಷ ಎಂದು ನಿರೂಪಕ ಸುತ್ತಿ ಸುತ್ತಿ ಹೇಳುತ್ತಾನೆ, ನೇರವಾಗಿ ಹೇಳುವುದೇ ಇಲ್ಲ. ಯಾರೂ ನೋಡದಾಗ ಬಿಲ್ಲಿಯತ್ತ ತಿರುಗಿದ ಕ್ಲ್ಯಾಗರ್ಟ್‌ನ ಕಣ್ಣು ತೇವವಾಗುತ್ತವೆ, ವಿಧಿಯೂ ನಿಷೇಧವೂ ಅಡ್ಡ ಬರದಿದ್ದರೆ ಆತ ಬಿಲ್ಲಿಯನ್ನು ಪ್ರೀತಿಸಬಹುದಿತ್ತೇನೋ ಎಂಬಂತೆ. ಅಷ್ಟು ಹೇಳಿ ಆ ವಾಕ್ಯ ಮುಂದೆ ನಡೆಯುತ್ತದೆ. ಗಾತ್ರ ಸಣ್ಣದು, ಭಾಷೆ ಮಾತ್ರ ಸಿಕ್ಕುಸಿಕ್ಕು. ಮೊದಲ ಪುಸ್ತಕವಾಗಿ ಇದನ್ನು ಯಾರಿಗೂ ಹೇಳಲಾರೆ. ‘ಮೊಬಿ ಡಿಕ್’ನ ಕೌದಿಯನ್ನು ಕಂಡವರು ಮುಂದಿನದಾಗಿ ಓದಿದರೆ ನಡುವೆ ಕಳೆದ ನಲವತ್ತು ವರ್ಷ ಏನು ಮಾಡಿತು ಎಂಬುದು ಕಾಣುತ್ತದೆ.

ನಿಕ್ ಮತ್ತು ಐರೀನ್: ನಂಬಲಾಗದ ಇಬ್ಬರು

ನಿಜವಾದ ಪೈಪೋಟಿ ಇರುವುದು ನಾಲ್ಕು ವರ್ಷಗಳ ಅಂತರದಲ್ಲಿ ಬಂದ ಎರಡು ಪುಟ್ಟ ಕಾದಂಬರಿಗಳ ನಡುವೆ: ಸ್ಕಾಟ್ ಫಿಟ್ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಮತ್ತು ನೆಲ್ಲಾ ಲಾರ್ಸೆನ್ ಅವರ ‘ಪಾಸಿಂಗ್’ (1929). ಎರಡರಲ್ಲೂ ಹುಟ್ಟಿನ ಗುರುತನ್ನು ಕಳಚಿ ಹೊಸ ಗುರುತು ತೊಟ್ಟ ಮೋಹಕ ವ್ಯಕ್ತಿಯೊಂದಿದೆ. ಅಂಥವರನ್ನು ದೂರದಿಂದ ನೋಡುತ್ತ, ತಾನು ಮಾತ್ರ ಬಹಳ ಸಭ್ಯ ಎಂದು ನಂಬಿಕೊಂಡ ಇನ್ನೊಬ್ಬರು ಎರಡರಲ್ಲೂ ಇದ್ದಾರೆ. ಮೊದಲನೆಯದನ್ನು ಎಲ್ಲರೂ ಓದಿದ್ದಾರೆ. ಒಂದನ್ನೇ ಆರಿಸಬೇಕಾದರೆ ನನ್ನ ಮತ ಎರಡನೆಯದಕ್ಕೆ.

ಗ್ಯಾಟ್ಸ್‌ಬಿಯದು ಡೇಸಿಯ ಮೇಲಿನ ಪ್ರೇಮದ ಕಥೆ ಎಂಬುದು ಸರಿಯೇ. ಆದರೆ ಕಥೆ ಹೇಳುವ ನಿಕ್ ಕ್ಯಾರವೇ ಮೇಲೊಂದು ಕಣ್ಣಿಡಿ. ನಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ನಾನೂ ಒಬ್ಬ ಎಂದು ಅವನು ತಾನೇ ಪ್ರಮಾಣಪತ್ರ ಬರೆದುಕೊಳ್ಳುತ್ತಾನೆ. ಹಾಗೆ ಬರೆದುಕೊಳ್ಳುವವರ ವಿಷಯದಲ್ಲಿ ಹುಷಾರಾಗಿರಬೇಕು. ಎರಡನೆಯ ಅಧ್ಯಾಯದಲ್ಲಿ ಕುಡಿತದ ಕೂಟ. ಅಲ್ಲಿ ಮೆಕ್ಕೀ ಎಂಬ ಛಾಯಾಗ್ರಾಹಕ. ಅವನ ಕೆನ್ನೆಯ ಮೇಲೆ ಕ್ಷೌರದ ನೊರೆಯ ಒಣಗಿದ ಚುಕ್ಕೆ. ಮಧ್ಯಾಹ್ನವೆಲ್ಲ ಅದು ನಿಕ್‌ನನ್ನು ಕಾಡಿದೆ. ಮೆಕ್ಕೀ ಕುರ್ಚಿಯಲ್ಲೇ ನಿದ್ದೆ ಹೋದಾಗ ನಿಕ್ ಕರವಸ್ತ್ರ ತೆಗೆದು ಅದನ್ನು ಒರೆಸುತ್ತಾನೆ. ರಾತ್ರಿ ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿಯುವಾಗ ಲಿಫ್ಟಿನ ಹುಡುಗ ಸನ್ನೆಕೋಲಿನಿಂದ ಕೈ ತೆಗೆಯಿರಿ ಎಂದು ಗದರುತ್ತಾನೆ, ಮುಟ್ಟಿದ್ದೇ ಗೊತ್ತಾಗಲಿಲ್ಲ ಎಂದು ಮೆಕ್ಕೀ ಗಂಭೀರವಾಗಿ ಹೇಳುತ್ತಾನೆ. ಮೂರು ಚುಕ್ಕಿ. ಮುಂದಿನ ಸಾಲಿನಲ್ಲಿ ಮೆಕ್ಕೀ ಒಳ ಉಡುಪಿನಲ್ಲಿ ಹಾಸಿಗೆಯ ಮೇಲೆ ಕುಳಿತು ತನ್ನ ಚಿತ್ರಗಳ ಸಂಪುಟ ಹಿಡಿದಿದ್ದಾನೆ, ನಿಕ್ ಪಕ್ಕದಲ್ಲಿ ನಿಂತಿದ್ದಾನೆ. ಮತ್ತೆ ಚುಕ್ಕಿ. ಬೆಳಗಿನ ಜಾವ ನಾಲ್ಕರ ರೈಲಿಗೆ ಕಾಯುತ್ತ ನಿಲ್ದಾಣದಲ್ಲಿ ಅರೆನಿದ್ದೆ. ನಡುವೆ ಏನಾಯಿತೆಂದು ನಿಕ್ ಹೇಳುವುದಿಲ್ಲ. ಏನೂ ಆಗದೆಯೂ ಇರಬಹುದು. ಕಂಡದ್ದನ್ನೆಲ್ಲ ವಿವರಿಸುವ ಈ ಮನುಷ್ಯ ಇಲ್ಲಿ ಮಾತ್ರ ಚುಕ್ಕಿಗಳ ಹಿಂದೆ ಸರಿದ ಎನ್ನುವುದಷ್ಟೇ ನಮಗೆ ಸಿಗುವ ಸಾಕ್ಷ್ಯ. ಅದನ್ನು ಗಮನದಲ್ಲಿಟ್ಟು ಮುಂದೆ ಓದಿದರೆ, ಗ್ಯಾಟ್ಸ್‌ಬಿಯ ನಗುವನ್ನು ಅವನು ವರ್ಣಿಸುವ ಬಗೆ ಬೇರೆಯಾಗಿ ಕೇಳಿಸುತ್ತದೆ.

ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಓದಿ ಮರೆತವರು ಮತ್ತೊಮ್ಮೆ ಓದಲು ಅದೊಂದು ಪುಟ ಸಾಕು. ಆದರೆ ಗುಪ್ತ ಆಸೆ ಈ ಕಾದಂಬರಿಯ ಅಂಚಿನಲ್ಲಿದೆ, ನಡುವಿನಲ್ಲಿಲ್ಲ.

‘ಪಾಸಿಂಗ್’ನಲ್ಲಿ ಅದು ನಡುವಿನಲ್ಲೇ ಇದೆ, ಮತ್ತು ನಾಯಕಿಗೇ ಕಾಣುವುದಿಲ್ಲ. ಒಂದು ತೊಟ್ಟು ಆಫ್ರಿಕನ್ ರಕ್ತವಿದ್ದರೂ ಕಪ್ಪು ಎಂದು ಲೆಕ್ಕ ಹಾಕುತ್ತಿದ್ದ ದೇಶದಲ್ಲಿ, ಮೈಬಣ್ಣ ತಿಳಿಯಾಗಿದ್ದ ಕೆಲವರು ಊರು, ಬಂಧುಗಳು ಎಲ್ಲರಿಂದ ಕಳಚಿಕೊಂಡು ಬಿಳಿಯರಾಗಿ ಬಾಳುತ್ತಿದ್ದರು. ಶೀರ್ಷಿಕೆ ಸೂಚಿಸುವುದು ಅದನ್ನು. ಕ್ಲೇರ್ ಕೆಂಡ್ರಿ ಹಾಗೆ ಬಾಳುತ್ತಿರುವವಳು. ಅವಳ ಗಂಡ ಜಾನ್ ಬೆಲ್ಯೂ ಶ್ರೀಮಂತ, ಕಪ್ಪು ಜನರನ್ನು ಕಂಡರೆ ಉರಿದುಬೀಳುವವನು. ದಿನಗಳೆದಂತೆ ಹೆಂಡತಿಯ ಬಣ್ಣ ಮಂಕಾಗುತ್ತಿದೆ ಎಂದು ತಮಾಷೆಗೆ ಅವಳನ್ನು ಕಪ್ಪು ಜನರ ಮೇಲಿನ ಬೈಗುಳದಿಂದಲೇ ಮುದ್ದು ಮಾಡಿ ಕರೆಯುತ್ತಾನೆ. ಹಾಗೆ ಕರೆಯುತ್ತ ಅವನು ಒಳಗೆ ಬರುವಾಗ ಚಹಾಕ್ಕೆ ಕುಳಿತ ಮೂವರು ಹೆಂಗಸರೂ ಕಪ್ಪು ಮೂಲದವರು, ಅವನಿಗೆ ಮಾತ್ರ ಗೊತ್ತಿಲ್ಲ. ನಗಬೇಕೋ ಓಡಬೇಕೋ ತಿಳಿಯದೆ ಐರೀನ್ ನಕ್ಕೇ ನಗುತ್ತಾಳೆ. ಇಷ್ಟು ಪುಟ್ಟ ಕೋಣೆಯಲ್ಲಿ ಇಷ್ಟು ಅಪಾಯ ತುಂಬಿದ ದೃಶ್ಯ ಆ ಕಾಲದ ಅಮೆರಿಕನ್ ಕಾದಂಬರಿಗಳಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಐರೀನ್ ರೆಡ್‌ಫೀಲ್ಡ್ ಕ್ಲೇರಳ ಬಾಲ್ಯದ ಗೆಳತಿ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ವೈದ್ಯರ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ, ಸಭೆ ಸಮಿತಿಗಳ ಗೃಹಿಣಿ. ಕಥೆಯೆಲ್ಲ ಅವಳ ಕಣ್ಣಿನಿಂದ. ಕ್ಲೇರಳ ಸಹವಾಸ ಬೇಡ ಎಂದು ಅವಳು ಪುಟಪುಟಕ್ಕೂ ನಿರ್ಧರಿಸುತ್ತಾಳೆ. ಕ್ಲೇರ್‌ಗೆ ಇನ್ನು ಬರಬೇಡ ಎಂದೇ ಹೇಳಬೇಕು ಎಂದುಕೊಂಡಿರುವ ಒಂದು ದಿನ, ಕ್ಲೇರ್ ಬಾಗಿಲು ತಟ್ಟದೆ ಕೋಣೆಗೆ ಬಂದು ಅವಳ ಗುಂಗುರು ಕೂದಲಿಗೆ ಮುತ್ತಿಡುತ್ತಾಳೆ. ಐರೀನ್ ತಟ್ಟನೆ ಅವಳ ಎರಡೂ ಕೈ ಹಿಡಿದು, ದೇವರೇ, ನೀನೆಷ್ಟು ಚೆಲುವೆ ಎಂದು ಉದ್ಗರಿಸುತ್ತಾಳೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಮುಂದೆ ಇದೇ ಕಳವಳ ಅವಳ ಮನಸ್ಸಿನಲ್ಲಿ ಬೇರೆ ವೇಷ ಹಾಕುತ್ತದೆ: ನನ್ನ ಗಂಡನಿಗೂ ಕ್ಲೇರ್‌ಗೂ ಸಂಬಂಧವಿದೆ! ಪುರಾವೆ ಒಂದೂ ಇಲ್ಲ. 1986ರಲ್ಲಿ ವಿಮರ್ಶಕಿ ಡೆಬೊರಾ ಮೆಕ್‌ಡವೆಲ್ ಈ ಕಾದಂಬರಿಯ ಮರುಮುದ್ರಣಕ್ಕೆ ಬರೆದ ಪ್ರಸ್ತಾವನೆಯಲ್ಲಿ, ಐರೀನಳ ಅಸೂಯೆಯ ಅಡಿಯಲ್ಲಿರುವುದು ಕ್ಲೇರಳ ಮೇಲಿನ ಆಕರ್ಷಣೆಯೇ ಎಂದು ವಿವರಿಸಿದರು. ಬಣ್ಣದ ಗುಟ್ಟಿನ ಮರೆಯಲ್ಲಿ ಆಸೆಯ ಗುಟ್ಟು ನಿಂತಿದೆ ಎಂಬ ಈ ಓದನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೂ ಐರೀನಳ ಮಾತನ್ನು ನಂಬಲಾಗದು ಎಂಬುದು ಮಾತ್ರ ಗಟ್ಟಿ. ಯಾರು ಯಾರ ಮುಂದೆ ವೇಷ ಹಾಕಿದ್ದಾರೆ? ಕ್ಲೇರ್ ಜಗತ್ತಿಗೆ ಸುಳ್ಳು ಹೇಳುತ್ತಾಳೆ, ತನಗಲ್ಲ. ಐರೀನಳದು ತದ್ವಿರುದ್ಧ.

ಲಾರ್ಸೆನ್ ಸ್ವತಃ ಡೆನ್ಮಾರ್ಕಿನ ತಾಯಿಗೆ ಷಿಕಾಗೊದಲ್ಲಿ ಹುಟ್ಟಿದವರು, ದಾದಿಯಾಗಿ, ಗ್ರಂಥಪಾಲಕಿಯಾಗಿ ದುಡಿದವರು. ಎರಡೇ ಕಾದಂಬರಿ ಪ್ರಕಟಿಸಿ, ಮತ್ತೆ ದಾದಿಯ ಕೆಲಸಕ್ಕೆ ಮರಳಿ, 1964ರಲ್ಲಿ ಬಹುಪಾಲು ಮರೆಯಾದವರಾಗಿ ತೀರಿಕೊಂಡರು. ಇಂಗ್ಲಿಷ್ ಓದುವ ಅಭ್ಯಾಸ ಕಡಿಮೆ ಇರುವವರಿಗೂ ಪುಸ್ತಕ ಭಾರವಾಗದು. ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಕೊನೆಯ ಎರಡು ಪುಟವನ್ನು ಮಾತ್ರ ನಿಧಾನವಾಗಿ ಓದಿ. ಅಲ್ಲಿ ಏನಾಯಿತು ಎಂಬುದರ ಬಗ್ಗೆ ಇಬ್ಬರು ಓದುಗರು ಒಮ್ಮತಕ್ಕೆ ಬರುವುದು ಅಪರೂಪ.

ಹೇಳಿಬಿಟ್ಟ ಪುಸ್ತಕ

ಸುಳಿವು ಹುಡುಕುವ ಓದೇ ಬೇಡ, ನೇರವಾಗಿ ಹೇಳಿದ್ದು ಬೇಕು ಎನ್ನುವವರಿಗೆ ಜೇಮ್ಸ್ ಬಾಲ್ಡ್ವಿನ್ ಅವರ ‘ಜೊವಾನಿಸ್ ರೂಮ್’ (1956). ಸಲಿಂಗಿಯೊಬ್ಬನ ಬದುಕನ್ನು ಹೇಳುವ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ಯನ್ನು ಮೆಚ್ಚಿದವರೂ ಇಲ್ಲಿಂದಲೇ ಆರಂಭಿಸಬಹುದು. ಪ್ಯಾರಿಸ್‌ನಲ್ಲಿರುವ ಅಮೆರಿಕನ್ ತರುಣ ಡೇವಿಡ್, ಬಾರಿನಲ್ಲಿ ಕೆಲಸ ಮಾಡುವ ಇಟಲಿಯ ಜೊವಾನಿ, ಸ್ಪೇನ್ ಪ್ರವಾಸದಲ್ಲಿರುವ ಡೇವಿಡ್‌ನ ಗೆಳತಿ ಹೆಲ್ಲಾ. ಜೊವಾನಿಗೆ ಮರಣದಂಡನೆಯಾಗಿದೆ ಎಂಬುದು ಆರಂಭದಲ್ಲೇ ಗೊತ್ತಾಗುತ್ತದೆ. ಇಲ್ಲಿನ ಕುತೂಹಲವೆಲ್ಲ ಡೇವಿಡ್ ಏನು ಮಾಡಿದ, ಏನು ಮಾಡದೆ ಉಳಿದ ಎಂಬುದರ ಸುತ್ತ.

ಬಾಲ್ಡ್ವಿನ್ ಹಾರ್ಲೆಮ್‌ನ ಕಪ್ಪು ಲೇಖಕ; ಮೊದಲ ಕಾದಂಬರಿಯಿಂದ ಹೆಸರು ಮಾಡಿದ್ದವರು. ಎರಡನೆಯದರಲ್ಲಿ ಎಲ್ಲ ಪಾತ್ರಗಳೂ ಬಿಳಿಯರು, ವಿಷಯ ಗಂಡಸರಿಬ್ಬರ ಪ್ರೇಮ. ಮೊದಲ ಪುಸ್ತಕ ತಂದಿದ್ದ ಪ್ರಕಾಶಕರು ಇದನ್ನು ಒಲ್ಲೆ ಎಂದರು. ಸಲಿಂಗಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕಲು ದಾರಿ ಮಾಡಿದ ಅಧ್ಯಕ್ಷೀಯ ಆದೇಶ ಹೊರಟು ಆಗಿನ್ನೂ ಮೂರೇ ವರ್ಷ. ಅಂಥ ಹೊತ್ತಿನಲ್ಲಿ ಇದು ಹೊರಬಂತು.

ಕಾದಂಬರಿಯ ಜೀವ ಆ ಕೋಣೆಯಲ್ಲಿದೆ. ಹೊರಗಿನವರು ಇಣುಕದಿರಲಿ ಎಂದು ಕಿಟಕಿಯ ಗಾಜಿಗೆ ದಟ್ಟ ಬಿಳಿ ಬಳಿದಿದೆ. ಗೋಡೆಯ ಕಾಗದವನ್ನು ಜೊವಾನಿ ಅರ್ಧ ಕಿತ್ತಿದ್ದಾನೆ, ಉಳಿದ ಗೋಡೆಯಲ್ಲಿ ಗುಲಾಬಿಗಳ ನಡುವೆ ನಡೆಯುವ ಗಂಡುಹೆಣ್ಣಿನ ಚಿತ್ರ. ಡೇವಿಡ್‌ಗಾಗಿ ಮನೆ ಸರಿಮಾಡುತ್ತೇನೆಂದು ಇಟ್ಟಿಗೆ ಕಿತ್ತು ಗೋಡೆಯೊಳಗೆ ಪುಸ್ತಕದ ಗೂಡು ಮಾಡಲು ಹೊರಟಿದ್ದಾನೆ. ಪ್ರೇಮ ಹೀಗೆ ಗೋಡೆ ಒಡೆಯುತ್ತಿರುವಾಗ ಡೇವಿಡ್‌ಗೆ ಉಸಿರುಗಟ್ಟುತ್ತದೆ. ಅವನು ಬಚ್ಚಿಡುವುದು ಗಂಡಸರ ಮೇಲಿನ ಆಸೆಯನ್ನು ಎಂದು ಮೊದಲು ಅನಿಸುತ್ತದೆ. ಓದುತ್ತ ಹೋದಂತೆ, ಅದನ್ನು ಅವನು ಹೇಗೋ ಸಹಿಸಬಲ್ಲ, ಒಬ್ಬನನ್ನು ನಿಜವಾಗಿ ಪ್ರೀತಿಸಿದ್ದೇನೆ ಎಂಬುದನ್ನು ಮಾತ್ರ ಸಹಿಸಲಾರ ಎಂದು ತಿಳಿಯುತ್ತದೆ. ಮನಸ್ಸು ಕುಗ್ಗಿದ ದಿನಗಳಲ್ಲಿ ಈ ಪುಸ್ತಕ ಹಿಡಿಯಬೇಡಿ. ಸಾಂತ್ವನ ಬಯಸಿ ಹೋಗುವವರಿಗೆ ಇದು ಏನನ್ನೂ ಕೊಡುವುದಿಲ್ಲ.

ಅವನೇ ನಾನಾಗಬೇಕು

ಇನ್ನೊಬ್ಬರನ್ನು ಬಯಸುವುದಕ್ಕೂ ಇನ್ನೊಬ್ಬರೇ ಆಗಿಬಿಡಬೇಕೆಂದು ಬಯಸುವುದಕ್ಕೂ ನಡುವಿನ ಗೆರೆ ಅಳಿಸಿಹೋದ ಎರಡು ಪುಸ್ತಕಗಳಿವೆ. ಎರಡರಲ್ಲೂ ಆ ಆಸೆ ಬಟ್ಟೆಯ ಮೂಲಕ ಹೊರಬೀಳುತ್ತದೆ. ಪೆಟ್ರೀಷಿಯಾ ಹೈಸ್ಮಿತ್ ಅವರ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ (1955)ಯಲ್ಲಿ ಟಾಮ್ ತನ್ನ ಶ್ರೀಮಂತ ಗೆಳೆಯ ಡಿಕಿಯ ಉಡುಪು ತೊಟ್ಟು ಕನ್ನಡಿಯೆದುರು ಅವನಂತೆ ಮಾತನಾಡುತ್ತಿರುವಾಗ ಡಿಕಿಯೇ ಬಾಗಿಲಲ್ಲಿ ನಿಂತಿರುತ್ತಾನೆ. ಜಾನ್ ನೋಲ್ಸ್ ಅವರ ‘ಎ ಸೆಪರೇಟ್ ಪೀಸ್’ (1959)ನಲ್ಲಿ ಯುದ್ಧಕಾಲದ ವಸತಿಶಾಲೆಯ ಹುಡುಗ ಜೀನ್, ಗಾಯಗೊಂಡ ಗೆಳೆಯ ಫಿನಿಯ ಗುಲಾಬಿ ಅಂಗಿ ಹಾಕಿಕೊಂಡು ಕನ್ನಡಿ ನೋಡುತ್ತಾನೆ. ಆ ಗಾಯಕ್ಕೆ ಕಾರಣ ಜೀನ್‌ನೇ. ಅದಕ್ಕೆ ಮೊದಲು ಒಂದು ರಾತ್ರಿ ಕಡಲತೀರದಲ್ಲಿ ಫಿನಿ, ನೀನೇ ನನ್ನ ಆಪ್ತ ಗೆಳೆಯ ಎಂದು ಸರಳವಾಗಿ ಹೇಳುತ್ತಾನೆ. ಮರಳಿ ಹೇಳಬೇಕೆಂದು ಜೀನ್ ಬಾಯಿ ತೆರೆಯುತ್ತಾನೆ, ಏನೋ ತಡೆಯುತ್ತದೆ.

ರಾತ್ರಿ ನಿದ್ದೆಗೆಡಿಸುವ ಕಥೆ ಬೇಕಿದ್ದರೆ ರಿಪ್ಲಿ. ಹದಿಹರೆಯದ ಮಕ್ಕಳಿರುವ ಮನೆಗೆ, ಅಥವಾ ಮೊದಲ ಬಾರಿಗೆ ಇಂಗ್ಲಿಷ್ ಕಾದಂಬರಿ ಹಿಡಿಯುವವರಿಗೆ ನೋಲ್ಸ್. ರಿಪ್ಲಿಯ 1999ರ ಸಿನಿಮಾ ಟಾಮ್‌ನ ಆಸೆಯನ್ನು ಬಾಯಿಬಿಟ್ಟು ಹೇಳುತ್ತದೆ, ಕಾದಂಬರಿ ಹೇಳುವುದಿಲ್ಲ. ಆದ್ದರಿಂದ ಪುಸ್ತಕ ಮೊದಲು, ಸಿನಿಮಾ ಆಮೇಲೆ. ರೆಬೆಕ್ಕಾ ಹಾಲ್ ಅವರ ಕಪ್ಪು ಬಿಳುಪಿನ ‘ಪಾಸಿಂಗ್’ (2021) ಸಿನಿಮಾಗೆ ಈ ನಿಯಮ ಬೇಡ. ಅದು ಪುಸ್ತಕದಷ್ಟೇ ಬಾಯಿ ಬಿಗಿಹಿಡಿದಿದೆ.

ಈ ಯಾವ ಗುಂಪಿಗೂ ಸೇರದ್ದು ಕಾರ್ಸನ್ ಮೆಕಲರ್ಸ್ ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಕಟಿಸಿದ ‘ದಿ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ (1940). ಅಮೆರಿಕದ ದಕ್ಷಿಣ ಭಾಗದ ಗಿರಣಿ ಊರಿನಲ್ಲಿ ಕಿವಿ ಕೇಳದ, ಮಾತನಾಡದ ಸಿಂಗರ್. ನಾಲ್ಕು ಜನ ಒಬ್ಬೊಬ್ಬರಾಗಿ ಬಂದು ಅವನ ಮುಂದೆ ಮನಸ್ಸು ತೋಡಿಕೊಳ್ಳುತ್ತಾರೆ, ತಮ್ಮನ್ನು ಅರಿತವನು ಇವನೊಬ್ಬನೇ ಎಂದು ನಂಬುತ್ತಾರೆ. ಸಿಂಗರನ ಮನಸ್ಸಿರುವುದು ಮಾತ್ರ ದೂರದ ಆಸ್ಪತ್ರೆಯಲ್ಲಿರುವ ಆಂಟೊನಪೌಲೊಸ್ ಎಂಬ ಗೆಳೆಯನಲ್ಲಿ. ಆ ಗೆಳೆಯನೋ ತಿಂಡಿಪೋತ, ಇವನ ಸನ್ನೆಗಳು ಅವನಿಗೆ ಎಷ್ಟು ಅರ್ಥವಾಗುತ್ತವೆ ಎಂಬುದೇ ಖಚಿತವಿಲ್ಲ. ಇಲ್ಲಿ ಯಾರೂ ಏನನ್ನೂ ಬಚ್ಚಿಡುತ್ತಿಲ್ಲ. ಕೇಳಿಸಿಕೊಳ್ಳುವವರಿಲ್ಲ, ಅಷ್ಟೇ. ಊರಿನ ಹೋಟೆಲ್ ಮಾಲೀಕ ಬಿಫ್, ಹೆಂಡತಿ ತೀರಿಕೊಂಡ ಮೇಲೆ ಅವಳ ಸುಗಂಧವನ್ನು ತಾನು ಹಚ್ಚಿಕೊಳ್ಳುತ್ತಾನೆ. ಅದಕ್ಕೊಂದು ವಿವರಣೆ ಕೊಡುವ ಗೋಜಿಗೆ ಲೇಖಕಿ ಹೋಗುವುದಿಲ್ಲ. ಕಥೆ ನಿಧಾನ, ಪಾತ್ರಗಳು ಹೆಚ್ಚು. ರಜೆಯ ಓದಿಗೆ ಇಟ್ಟುಕೊಳ್ಳಿ.

ಓದುಬಳಗದವರು ಎರಡು ಪುಸ್ತಕ ಜೋಡಿಸುವುದಾದರೆ ಗ್ಯಾಟ್ಸ್‌ಬಿ ಮತ್ತು ‘ಪಾಸಿಂಗ್’ ಅನ್ನೇ ಜೋಡಿಸಿ, ‘ಪಾಸಿಂಗ್’ ಮೊದಲು ಓದಿ. ಐರೀನಳನ್ನು ಅನುಮಾನಿಸಲು ಕಲಿತ ಕಣ್ಣಿಗೆ ನಿಕ್ ಸುಲಭವಾಗಿ ಸಿಕ್ಕಿಬೀಳುತ್ತಾನೆ.

ಖರ್ಚಿನ ಮಾತು. ಮೆಲ್ವಿಲ್ ಮತ್ತು ಫಿಟ್ಜೆರಾಲ್ಡ್ ಅವರ ಪುಸ್ತಕಗಳು ಹಕ್ಕುಸ್ವಾಮ್ಯದಿಂದ ಹೊರಬಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭಾರತದ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷದ ನಂತರ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಆ ಲೆಕ್ಕದಲ್ಲಿ 1964ರಲ್ಲಿ ತೀರಿಕೊಂಡ ಲಾರ್ಸೆನ್ ಅವರ ಕೃತಿಗಳು 2025ರ ಜನವರಿ 1ರಿಂದ ಮುಕ್ತ. ಪ್ರಕಟವಾದ ವರ್ಷದ ಲೆಕ್ಕ ಹಿಡಿಯುವ ಅಮೆರಿಕದಲ್ಲೂ ‘ಪಾಸಿಂಗ್’ ಬಿಡುಗಡೆಯಾದದ್ದು ಅದೇ ದಿನ. ಮೆಕಲರ್ಸ್ ಭಾರತದಲ್ಲಿ 2028ಕ್ಕೆ ಮುಕ್ತರಾಗುತ್ತಾರೆ, ಬಾಲ್ಡ್ವಿನ್ 2048ಕ್ಕೆ. ‘ಪಾಸಿಂಗ್’ ಅನ್ನು ಕನ್ನಡಕ್ಕೆ ತರಲು ಮನಸ್ಸು ಮಾಡುವವರು ಈಗ ಯಾರ ಅನುಮತಿಗೂ ಕಾಯಬೇಕಾಗಿಲ್ಲ.